ರೀಡಿಂಗ್ ರೂಮಿನ ವೈಫೈ ರಾತ್ರಿ ಎಂಟಕ್ಕೆ ಯಾಕೆ ಮಲಗುತ್ತದೆ?

ಪ್ರಶ್ನೆ: ಸರ್, ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ಮೊದಲನೇ ಮಹಡಿಯಲ್ಲಿ ನಂದೊಂದು ರೀಡಿಂಗ್ ರೂಮ್ ಇದೆ. 42 ಸೀಟು. ಪಿಎಸ್‌ಐ, ಎಫ್‌ಡಿಎ, ಕೆಎಎಸ್‌ಗೆ ಓದುವವರು ಬರುತ್ತಾರೆ. ಬೆಳಿಗ್ಗೆ ಹೊತ್ತು ವೈಫೈ ಚೆನ್ನಾಗಿರುತ್ತದೆ. ರಾತ್ರಿ 7ರಿಂದ 10ರ ತನಕ ಆನ್‌ಲೈನ್ ಕ್ಲಾಸಿನ ವಿಡಿಯೊ ಬರೀ ಸುತ್ತುತ್ತಿರುತ್ತದೆ. 100 ಎಂಬಿಪಿಎಸ್ ಪ್ಲಾನ್ ಇತ್ತು, 300ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಕೇಬಲ್‌ನವರು ಬಂದು ಹಿಂದಿನ ಕೋಣೆಗೆ ಒಂದು, ಮೆಟ್ಟಿಲ ಹತ್ತಿರ ಒಂದು ರಿಪೀಟರ್ ಹಾಕಿದರು. ಮೊದಲಿಗಿಂತ ಹಾಳಾಯಿತು. ರಾತ್ರಿ 8ಕ್ಕೆ ರೌಟರಿಗೆ ವೈರ್ ಚುಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ 280 ತೋರಿಸುತ್ತದೆ. ಫೋನಿನಲ್ಲಿ 3, 4 ಅಷ್ಟೇ. ಯಾರೋ ಸಿನಿಮಾ ಡೌನ್‌ಲೋಡ್ ಹಾಕಿಕೊಂಡು ಎಲ್ಲರ ಪಾಲನ್ನೂ ತಿನ್ನುತ್ತಿದ್ದಾರೆ ಅಂತ ನನ್ನ ಅನುಮಾನ. ಹಿಂದಿನ ಕೋಣೆಯ ಒಬ್ಬ ಹುಡುಗನ ಮೇಲೆ ಕಣ್ಣಿದೆ. ಹಿಡಿಯುವುದು ಹೇಗೆ?

ಉತ್ತರ: ಆ ಹುಡುಗನನ್ನು ಸದ್ಯಕ್ಕೆ ಬಿಟ್ಟುಬಿಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ರೂಮು ತುಂಬಿರುವಾಗಲೇ ವೈರಿನಲ್ಲಿ 280 ಬಂತು ಅಂದಿರಿ. 300ರಲ್ಲಿ 280 ಮಿಕ್ಕಿದೆ ಅಂದರೆ 42 ಜನ ಸೇರಿ ಬಳಸುತ್ತಿರುವುದು 20ರ ಆಸುಪಾಸು. ಒರಟು ಲೆಕ್ಕವೇ, ಆದರೂ ಸಾಕು. ಯಾರೂ ನಿಮ್ಮ ಪ್ಲಾನ್ ತಿಂದು ಮುಗಿಸುತ್ತಿಲ್ಲ. ಬೀದಿಯ ಫೈಬರಿನಿಂದ ರೌಟರ್ ತನಕ ಎಲ್ಲ ಸರಿ ಇದೆ. ರೌಟರಿನಿಂದ ಫೋನಿನ ತನಕ ಇರುವ ಮೂವತ್ತು ನಲವತ್ತು ಅಡಿ ಗಾಳಿ ಇದೆಯಲ್ಲ, ತೊಂದರೆ ಅಲ್ಲಿದೆ. ಪ್ಲಾನಿಗೆ ನೀವು ಸುರಿದ ಜಾಸ್ತಿ ದುಡ್ಡು ಆ ಗಾಳಿಯ ತನಕ ಬರುವುದೇ ಇಲ್ಲ.

ಒಂದು ವೈಫೈ ಚಾನೆಲ್‌ನಲ್ಲಿ, ಅಂದರೆ ರೇಡಿಯೊ ಅಲೆಗಳ ಒಂದು ಪಟ್ಟೆಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. 42 ಫೋನು, ಒಂದು ರೌಟರು, ಎಲ್ಲರಿಗೂ ಇರುವುದು ಅದೊಂದೇ ಗಾಳಿ. ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಇಬ್ಬರ ಮಾತೂ ಕೆಡುತ್ತದೆ. ಟೊಮೆಟೊ ಮಂಡಿಯಲ್ಲಿ ಒಂದೇ ರಾಶಿಯ ಮುಂದೆ ಇಬ್ಬರು ನಿಂತು ಬೇರೆ ಬೇರೆ ರೇಟು ಕೂಗಿದ ಹಾಗೆ. ಮತ್ತೆ ಮೊದಲಿಂದ ಕೂಗಬೇಕು.

ಈ ಕಷ್ಟ ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಯವರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸಿದರು. ಅದರ ಹೆಸರು ಅಲೋಹಾನೆಟ್. ನಿಯಮ ತೀರಾ ಸರಳ. ಹೇಳುವುದು ಇದ್ದರೆ ಹೇಳಿಬಿಡು, ಡಿಕ್ಕಿ ಆಗಿ ಕೆಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು. ಈ ಪದ್ಧತಿಯಲ್ಲಿ ಎಷ್ಟೇ ಒದ್ದಾಡಿದರೂ ಶೇ 18ರಷ್ಟು ಹೊತ್ತು ಮಾತ್ರ ಕೆಲಸಕ್ಕೆ ಬರುತ್ತದೆ. ಮಿಕ್ಕಿದ್ದು ಡಿಕ್ಕಿಗೋ ಮೌನಕ್ಕೋ ಹೋಯಿತು. ಮನಬಂದಾಗ ಶುರು ಮಾಡುವ ಹಾಗಿಲ್ಲ, ಗಡಿಯಾರದ ಏಟಿಗೆ ಸರಿಯಾಗಿಯೇ ಶುರು ಮಾಡಬೇಕು ಅಂತ ಕಟ್ಟು ಮಾಡಿದರೆ ಅದು ಎರಡರಷ್ಟಾಗಿ ಸುಮಾರು ಶೇ 37 ಮುಟ್ಟುತ್ತದೆ.

1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಜೊತೆ ಸೇರಿ ಈಥರ್ನೆಟ್ ಶುರು ಮಾಡಿದರು. ಅಲ್ಲಿ ಮಾತಾಡುವ ಮುಂಚೆ ಕಿವಿಗೊಟ್ಟು ಕೇಳಬೇಕು. ಮಾತಾಡುತ್ತಲೂ ಕೇಳುತ್ತಿರಬೇಕು. ಡಿಕ್ಕಿ ಗೊತ್ತಾದ ಕೂಡಲೇ ಬಾಯಿ ಮುಚ್ಚಿ, ಲಾಟರಿ ಎತ್ತಿದ ಹಾಗೆ ಒಂದಿಷ್ಟು ಹೊತ್ತು ಕಾಯಬೇಕು. ಮತ್ತೆ ಡಿಕ್ಕಿ ಆದರೆ ಲಾಟರಿಯ ಚೀಟಿಗಳು ಎರಡರಷ್ಟಾಗುತ್ತವೆ. 16 ಸಲ ಸೋತರೆ ಆ ಪ್ಯಾಕೆಟ್ಟನ್ನು, ಅಂದರೆ ಕಳಿಸಬೇಕಿದ್ದ ಡೇಟಾದ ಆ ತುಣುಕನ್ನು, ಕೈಬಿಡಬೇಕು. ಈಗ ನೆಟ್ ವೈರುಗಳನ್ನು ಜೋಡಿಸುವ ‘ಸ್ವಿಚ್’ ಅನ್ನುವ ಪೆಟ್ಟಿಗೆಗಳಲ್ಲಿ ಇದೆಲ್ಲ ಬೇಕಾಗಿಲ್ಲ. ಪ್ರತಿ ವೈರಿಗೂ ಅದರದೇ ದಾರಿ, ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ. ನಿಮ್ಮ ಲ್ಯಾಪ್‌ಟಾಪಿಗೆ 280 ಬಂದದ್ದು ಅದಕ್ಕೇ. ಅದು ಯಾರ ಜೊತೆಯೂ ಸರದಿಗೆ ನಿಲ್ಲಬೇಕಾಗಿರಲಿಲ್ಲ.

ಫೋನಿಗೆ ಆ ಭಾಗ್ಯ ಇಲ್ಲ. ಅದು ಹವಾಯಿಯ ಮನೆತನದ್ದು. ಜೊತೆಗೆ ಇನ್ನೊಂದು ಕುಂದು ಇದೆ: ತಾನು ಮಾತಾಡುತ್ತಿರುವಾಗ ಬೇರೆಯವರ ಮಾತು ಅದಕ್ಕೆ ಕೇಳಿಸುವುದಿಲ್ಲ. ತನ್ನ ಕೂಗೇ ಅಷ್ಟು ಜೋರು. ಆದ್ದರಿಂದ ಡಿಕ್ಕಿ ಆದಮೇಲೆ ಹಿಡಿಯುವುದು ಬೇಡ, ಆಗದ ಹಾಗೆ ನೋಡಿಕೊಳ್ಳೋಣ ಅನ್ನುವುದು ವೈಫೈ ಕಟ್ಟಳೆ. ಗಾಳಿ ಖಾಲಿ ಆಗುವ ತನಕ ಫೋನು ಕಾಯುತ್ತದೆ. ಆಮೇಲೆ 0ಯಿಂದ 15ರ ಒಳಗೆ ಒಂದು ಸಂಖ್ಯೆ ಎತ್ತಿಕೊಂಡು ಕೆಳಗೆ ಎಣಿಸುತ್ತದೆ. ಒಂದೊಂದು ಎಣಿಕೆಗೂ 9 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಸೆಕೆಂಡ್). ಸೊನ್ನೆ ಮುಟ್ಟಿದವರು ಮಾತಾಡುತ್ತಾರೆ, ಉಳಿದವರು ಎಣಿಕೆ ನಿಲ್ಲಿಸಿ ಕಾಯುತ್ತಾರೆ. ತಲುಪಿತು ಅಂತ ಆ ಕಡೆಯಿಂದ ಉತ್ತರ ಬರದಿದ್ದರೆ ಡಿಕ್ಕಿ ಆಗಿದೆ ಅಂತ ಲೆಕ್ಕ. ಆಗ ಚೀಟಿ 0ಯಿಂದ 31, ಮತ್ತೂ ಸೋತರೆ 63, ಹಾಗೇ 1023ರ ತನಕ.

16 ಚೀಟಿ ಇದೆಯಲ್ಲ, ಸಾಕಾಗುವುದಿಲ್ಲವಾ ಅನ್ನಿಸಬಹುದು. ಒಂದು ಆಟ ಆಡಿ ನೋಡಿ. ನಿಮ್ಮಲ್ಲಿ ಓದುವ ಐದು ಜನರಿಗೆ 0ಯಿಂದ 15ರ ಒಳಗೆ ಒಂದು ಸಂಖ್ಯೆಯನ್ನು ಗುಟ್ಟಾಗಿ ಬರೆಯಲು ಹೇಳಿ. ಯಾರಾದರೂ ಇಬ್ಬರದು ಒಂದೇ ಸಂಖ್ಯೆ ಆಗುವ ಸಾಧ್ಯತೆ ಎಷ್ಟು ಗೊತ್ತಾ? ಹೆಚ್ಚು ಕಡಿಮೆ ಸರಿಯಾಗಿ ಅರ್ಧ. ಬರೀ ಐದು ಜನಕ್ಕೆ! ಬೆಳಿಗ್ಗೆ ನಿಮ್ಮಲ್ಲಿ ಏಳೆಂಟು ಜನ ಇರುತ್ತಾರೆ, ಅದರಲ್ಲಿ ವಿಡಿಯೊ ನೋಡುವವರು ಇಬ್ಬರು. ರಾತ್ರಿ ಎಂಟಕ್ಕೆ ಮೂವತ್ತು ಜನ ಒಟ್ಟಿಗೆ ಕ್ಲಾಸ್ ಹಾಕುತ್ತಾರೆ. ನಡುವೆ ಗೋಡೆಯೂ ಇದೆ. ಹಿಂದಿನ ಕೋಣೆಯ ಫೋನಿಗೆ ಮುಂದಿನ ಹಾಲಿನ ಫೋನು ಕೇಳಿಸುವುದಿಲ್ಲ, ಆದರೆ ಇಬ್ಬರ ಮಾತೂ ರೌಟರಿಗೆ ಬಂದು ಬೀಳುತ್ತದೆ. ಗಾಳಿ ಖಾಲಿ ಇದೆ ಅಂದುಕೊಂಡು ಇಬ್ಬರೂ ಶುರು ಮಾಡುತ್ತಾರೆ. ಇಲ್ಲಿ ಚೀಟಿ ಎಷ್ಟಿದ್ದರೂ ಪ್ರಯೋಜನ ಕಡಿಮೆ.

ಇದು ಡಿಕ್ಕಿಯ ವಿಷಯ. ನಿಮ್ಮ ರೂಮಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ ಅಂತ ನನಗೆ ಅನ್ನಿಸುತ್ತಿದೆ. ನೀವು ಕೇಳಿದ ‘ಪಾಲು’ ಅನ್ನುವ ಮಾತು ಇರುವುದೂ ಅಲ್ಲೇ.

ನಮ್ಮೂರು ಮುಳಬಾಗಿಲು ಕಡೆ. ನಮ್ಮ ತಾತ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವಾಗ ನೀರು ಅಂತ ತೀರ್ಮಾನ ಮಾಡುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವರ ಪಾಲಿನ ಭತ್ತ ಅಳೆದುಕೊಡುತ್ತಿದ್ದರು. ತೂಬಿನ ಪಕ್ಕದ ಗದ್ದೆಗೆ ನೀರು ಬಿಟ್ಟರೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ತುಂಬುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ಹಾಗಲ್ಲ. ದಾರಿಯಲ್ಲಿ ಹೂಳು, ಏಡಿ ಬಿಲ, ಇಂಗುವ ಮಣ್ಣು. ‘ಒಬ್ಬೊಬ್ಬರಿಗೂ ಒಂದು ಗದ್ದೆ ತುಂಬುವಷ್ಟು, ಆಮೇಲೆ ಮುಂದಿನವರು’ ಅಂತ ಸರದಿ ಇಟ್ಟರೆ ಕೇಳುವುದಕ್ಕೆ ಎಷ್ಟು ನ್ಯಾಯ, ಅಲ್ವಾ? ಇಟ್ಟು ನೋಡಿ. ಕೊನೆಯವನ ಗದ್ದೆ ತುಂಬುವ ತನಕ ಇಡೀ ಬಯಲು ಕೈಕಟ್ಟಿ ಕೂತಿರುತ್ತದೆ. ತಾತ ಹೊತ್ತಿನ ಲೆಕ್ಕ ಇಡುತ್ತಿದ್ದರು. ನಿನಗೆ ಇಷ್ಟು ಹೊತ್ತು ನೀರು, ತುಂಬಿದರೆ ನಿನ್ನ ಪುಣ್ಯ.

ವೈಫೈ ಇಟ್ಟಿರುವುದು ಮೊದಲನೆಯ ಲೆಕ್ಕ. ಒಬ್ಬೊಬ್ಬರಿಗೂ ಒಂದೊಂದು ಸರದಿ. ಆ ಸರದಿಯಲ್ಲಿ ಒಂದು ಪ್ಯಾಕೆಟ್ ದಾಟಿಸಲು ಎಷ್ಟು ಹೊತ್ತು ತೆಗೆದುಕೊಂಡರೂ ಸರಿ.

ಲೆಕ್ಕ ಹಾಕೋಣ. ಒಂದು ಪ್ಯಾಕೆಟ್ ಅಂದರೆ 1500 ಬೈಟ್, 12,000 ಬಿಟ್. ರೌಟರ್ ಪಕ್ಕದ ಫೋನು 54 ಎಂಬಿಪಿಎಸ್ ವೇಗದಲ್ಲಿದ್ದರೆ ಅದಕ್ಕೆ ಹಿಡಿಯುವುದು 222 ಮೈಕ್ರೋಸೆಕೆಂಡ್. ಗೋಡೆ ಆಚೆ, ಮೂಲೆಯಲ್ಲಿ ಕೂತ ಹಳೆಯ ಫೋನು ಸಿಗ್ನಲ್ ಸಾಲದೆ 1 ಎಂಬಿಪಿಎಸ್‌ಗೆ ಇಳಿದಿದೆ ಅನ್ನಿ. ಅದೇ ಪ್ಯಾಕೆಟ್ಟಿಗೆ 12,000 ಮೈಕ್ರೋಸೆಕೆಂಡ್. ಇಬ್ಬರೇ ಇದ್ದು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರೆ ಒಂದು ಸುತ್ತಿಗೆ ಸುಮಾರು 12,222 ಮೈಕ್ರೋಸೆಕೆಂಡ್. ಆ ಸುತ್ತಿನಲ್ಲಿ ಇಬ್ಬರಿಗೂ ಸಿಕ್ಕಿದ್ದು ಒಂದೊಂದೇ ಪ್ಯಾಕೆಟ್. ಅಂದರೆ 54ರ ಫೋನಿಗೂ 1 ಎಂಬಿಪಿಎಸ್ ಪೂರಾ ಬರಲಿಲ್ಲ, 0.98! ನಿಧಾನದವರು ಎಲ್ಲರನ್ನೂ ತಮ್ಮ ನಡಿಗೆಗೆ ಇಳಿಸಿಬಿಟ್ಟರು. ಇದನ್ನೇ ತಾತನ ಲೆಕ್ಕದಲ್ಲಿ, ಇಬ್ಬರಿಗೂ ಅರ್ಧರ್ಧ ಹೊತ್ತು ಅಂತ ಹಂಚಿದರೆ ವೇಗದವರಿಗೆ 27, ನಿಧಾನದವರಿಗೆ ಅರ್ಧ. ಒಟ್ಟು 2 ಕೂಡ ಇಲ್ಲದ್ದು 27 ದಾಟಿತು.

ಇದು ವೈಫೈ ಬಳಕೆಗೆ ಬಂದು ಕೆಲವೇ ವರ್ಷಕ್ಕೆ ಗೊತ್ತಾದ ರೋಗ. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಲೆಕ್ಕ ಸಮೇತ ಬರೆದು ತೋರಿಸಿದರು. ಈಗಿನ ರೌಟರ್‌ಗಳು ಒಂದು ಸರದಿಯಲ್ಲಿ ಹತ್ತಾರು ಪ್ಯಾಕೆಟ್ಟನ್ನು ಕಂತೆ ಕಟ್ಟಿ ಕಳಿಸುತ್ತವೆ. ಆದ್ದರಿಂದ ನಿಮ್ಮಲ್ಲಿ ನಡೆಯುವುದು ನಾನು ಹೇಳಿದಷ್ಟು ನೇರವಾಗಿ ಇರುವುದಿಲ್ಲ. ರೋಗ ಮಾತ್ರ ಅದೇ.

ಈಗ ನಿಮ್ಮ ‘ಕಳ್ಳ’ನ ವಿಷಯಕ್ಕೆ ಬನ್ನಿ. ರೌಟರ್ ಪಕ್ಕ ಕೂತು ಒಳ್ಳೆಯ ಫೋನಿನಲ್ಲಿ ಸಿನಿಮಾ ಇಳಿಸುವವನು ಬೇಗ ಮುಗಿಸಿ ಎದ್ದು ಹೋಗುತ್ತಾನೆ. ಮೂಲೆಯಲ್ಲಿ ಕೂತು ಹಳೆಯ ಫೋನಿನಲ್ಲಿ ಪಾಪ, ಪಾಠದ ವಿಡಿಯೊ ನೋಡುತ್ತಿರುವವನು ಗೊತ್ತಿಲ್ಲದೇ ಇಡೀ ರೂಮನ್ನು ಹಿಡಿದು ನಿಲ್ಲಿಸಿರಬಹುದು. ಡೇಟಾ ಲೆಕ್ಕ ತೆಗೆದು ನೋಡಿದರೆ ಅವನ ಹೆಸರು ಪಟ್ಟಿಯ ಕೊನೆಯಲ್ಲಿರುತ್ತದೆ. ಯಾರು ಜಾಸ್ತಿ ಬಳಸಿದರು ಅಂತ ಹುಡುಕಿದರೆ ತಪ್ಪು ಮನುಷ್ಯ ಸಿಕ್ಕಿಬೀಳುತ್ತಾನೆ.

ಅದು ಮನುಷ್ಯನೇ ಆಗಿರಬೇಕು ಅಂತಲೂ ಇಲ್ಲ. ಹೋದ ವರ್ಷ ಬಂಗಾರಪೇಟೆ ಕಡೆ ಒಂದು ಪಿಜಿಗೆ ಹೋಗಿದ್ದೆ. ಇದೇ ದೂರು, ಇದೇ ಅನುಮಾನ. ಅಲ್ಲಿಯ ಓನರ್ ಇಬ್ಬರು ಹುಡುಗರಿಗೆ ಪಾಸ್‌ವರ್ಡ್ ಕೊಡುವುದನ್ನೇ ನಿಲ್ಲಿಸಿದ್ದರು. ನಾನು ರೌಟರ್ ಒಳಗೆ ಹೋಗಿ ಯಾರ ವೇಗ ಎಷ್ಟು ಅಂತ ನೋಡಿದೆ. ಎಲ್ಲರೂ 50, 70, 130ರಲ್ಲಿದ್ದಾರೆ. ಒಂದು ಮಾತ್ರ 1ರಲ್ಲಿ, ಒಮ್ಮೊಮ್ಮೆ 2ರಲ್ಲಿ. ಹೆಸರೂ ಇಲ್ಲ, ಬರೀ ನಂಬರ್. ಅದನ್ನು ಬ್ಲಾಕ್ ಮಾಡಿದೆ. ಐದು ನಿಮಿಷಕ್ಕೆ ಓನರ್ ಹೆಂಡತಿ ಮೇಲಿಂದ ಕೂಗಿದರು: ‘ರೀ, ಕ್ಯಾಮೆರಾ ಬರ್ತಿಲ್ಲ!’ ಕೆಳಗೆ ಬೈಕ್ ನಿಲ್ಲಿಸುವ ಜಾಗ ನೋಡಲು ಹಾಕಿದ್ದ ವೈಫೈ ಕ್ಯಾಮೆರಾ. ಎರಡು ಗೋಡೆ, ಒಂದು ಕಬ್ಬಿಣದ ಶಟರ್ ದಾಟಿ, ಹಗಲೂ ರಾತ್ರಿ, ಯಾರೂ ನೋಡದ ವಿಡಿಯೊವನ್ನು ಅದು ತೆವಳುತ್ತಾ ಮೇಲಕ್ಕೆ ಕಳಿಸುತ್ತಿತ್ತು. ಕ್ಯಾಮೆರಾಗೆ ವೈರ್ ಎಳೆಸಿದರು. ಪಿಜಿಯ ವೈಫೈಗೆ ಜೀವ ಬಂತು. ನಿಮ್ಮಲ್ಲೂ ಮೆಟ್ಟಿಲ ಹತ್ತಿರ ಕ್ಯಾಮೆರಾ ಇದ್ದರೆ ಮೊದಲು ಅದನ್ನು ನೋಡಿ.

ಸರಿ, ಏನು ಮಾಡಬೇಕು? ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ. ಆ ಎರಡೂ ರಿಪೀಟರ್‌ಗಳ ಪ್ಲಗ್ ಕಿತ್ತುಬಿಡಿ. ರಿಪೀಟರ್ ಅಂದರೆ ಕೇಳಿದ್ದನ್ನು ಮತ್ತೆ ಹೇಳುವ ಡಬ್ಬ. ಸಾಮಾನ್ಯವಾಗಿ ಅದೇ ಚಾನೆಲ್‌ನಲ್ಲೇ ಹೇಳುತ್ತದೆ. ಒಂದು ಸಲ ಹೇಳುವ ಮಾತಿಗೆ ಎರಡು ಸಲದ ಗಾಳಿ ಖರ್ಚು. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೇನೋ ತುಂಬಾ ಕಾಣುತ್ತವೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ರಿಪೀಟರ್ ಹಾಕಿದ ಮೇಲೆ ನಿಮ್ಮಲ್ಲಿ ಇನ್ನೂ ಹಾಳಾದದ್ದು ಇದರಿಂದಲೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡನೆಯದು, ಬ್ರೌಸರಿನಲ್ಲಿ ರೌಟರಿನ ಸೆಟ್ಟಿಂಗ್ ಪೇಜ್ ತೆರೆದು, ಅದರ ಎರಡು ರೇಡಿಯೊ ಬ್ಯಾಂಡ್‌ಗಳಾದ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಇಡಿ. ಓದುವವರಿಗೆ 5ರ ಪಾಸ್‌ವರ್ಡ್ ಕೊಡಿ. 5ರಲ್ಲಿ ಜಾಗ ವಿಶಾಲ, ಅಕ್ಕಪಕ್ಕದ ಅಂಗಡಿಗಳ ಗಲಾಟೆ ಕಡಿಮೆ. ಗೋಡೆ ದಾಟುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮಾತ್ರ. ಪಕ್ಕದವರು 1 ಮತ್ತು 6ರಲ್ಲಿದ್ದಾರೆ, ನಾನು ನಡುವೆ 3ರಲ್ಲಿ ಕೂರುತ್ತೇನೆ ಅನ್ನುವುದು ಜಾಣತನದ ಹಾಗೆ ಕಾಣುತ್ತದೆ, ಆದರೆ ಅಲ್ಲ. ಒಂದೇ ಚಾನೆಲ್‌ನಲ್ಲಿ ಇರುವವರು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಸರದಿಯಾದರೂ ಕಾಯುತ್ತಾರೆ. ಅರ್ಧಂಬರ್ಧ ಮೇಲೆ ಬಿದ್ದವರು ಒಬ್ಬರಿಗೊಬ್ಬರು ಬರೀ ಗದ್ದಲ. 2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ಇಡಿ, 40 ಬೇಡ.

ಅಲ್ಲೇ ‘ಬಿ/ಜಿ/ಎನ್ ಮಿಕ್ಸೆಡ್’ ಅಂತ ಒಂದು ಕಡೆ ಇರುತ್ತದೆ. ಬಿ, ಜಿ, ಎನ್ ಅಂದರೆ ವೈಫೈನ ಒಂದೊಂದು ತಲೆಮಾರು. ಅದರಲ್ಲಿ ‘ಬಿ’ ಬಿಟ್ಟು ಉಳಿದದ್ದನ್ನು ಆರಿಸಿ. 1, 2 ಎಂಬಿಪಿಎಸ್‌ನ ಹಳೆಯ ತೆವಳು ವೇಗಗಳು ಇರುವುದು ಆ ‘ಬಿ’ಯಲ್ಲಿ. ಅದು ಹೋದರೆ ತೀರಾ ನಿಧಾನ ಅಂದರೂ 6 ಎಂಬಿಪಿಎಸ್‌ಗಿಂತ ಕೆಳಗೆ ಯಾರೂ ಇಳಿಯುವ ಹಾಗಿಲ್ಲ. ಆದರೆ ಹುಷಾರು. ಸಿಗ್ನಲ್ ತೀರಾ ಸೋತಿರುವ ಫೋನು ಅಥವಾ ಕ್ಯಾಮೆರಾಗೆ ಆಮೇಲೆ ನೆಟ್ ಸಿಗದೇ ಹೋಗಬಹುದು. ‘ಏರ್‌ಟೈಮ್ ಫೇರ್‌ನೆಸ್’ ಅನ್ನುವ ಗುಂಡಿ ಇದ್ದರೆ ಆನ್ ಮಾಡಿ. ಅದು ಬೇರೇನೂ ಅಲ್ಲ, ತಾತನ ಹೊತ್ತಿನ ಲೆಕ್ಕ. ಕಡಿಮೆ ಬೆಲೆಯ ರೌಟರ್‌ಗಳಲ್ಲಿ ಇರುವುದಿಲ್ಲ, ಇರುವ ಕಡೆಯೂ ಎಷ್ಟೋ ಸಲ ಆಫ್ ಆಗಿರುತ್ತದೆ.

ಒಬ್ಬೊಬ್ಬರಿಗೆ ಇಷ್ಟೇ ಎಂಬಿಪಿಎಸ್ ಅಂತ ಮಿತಿ ಹಾಕಿದರೆ ಹೇಗೆ ಅಂತ ನೀವು ಕೇಳಬಹುದು. 5 ಎಂಬಿಪಿಎಸ್ ಮಿತಿ ಹಾಕಿದರೆ ಸಿನಿಮಾದವನಿಗೆ ಬಿಸಿ ತಟ್ಟುತ್ತದೆ. 1ರಲ್ಲಿ ತೆವಳುವ ಫೋನಿಗೆ ಆ ಮಿತಿ ಗೊತ್ತೂ ಆಗುವುದಿಲ್ಲ. ಅದು 1 ಎಂಬಿಪಿಎಸ್ ಬಳಸುತ್ತಲೇ ಇಡೀ ಗಾಳಿ ಹಿಡಿದಿರುತ್ತದೆ.

ಇಷ್ಟಾದ ಮೇಲೆ ಹಿಂದಿನ ಕೋಣೆ. ಇದಕ್ಕೆ ಸ್ವಲ್ಪ ಖರ್ಚಿದೆ. ಮುಂದಿನ ರೌಟರಿನಿಂದ ಅಲ್ಲಿಗೆ ಒಂದು ಕ್ಯಾಟ್ 6 ನೆಟ್ ವೈರ್ ಎಳೆಸಿ, ಅದರ ತುದಿಗೆ ಒಂದು ಆಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬ, ಕೂರಿಸಿ. ಹಳೆಯ ರೌಟರ್ ಇದ್ದರೆ ಅದನ್ನೇ ಹಾಗೆ ಮಾಡಿಕೊಳ್ಳಬಹುದು. ಚಾನೆಲ್ ಬೇರೆ ಇರಲಿ. ಈಗ ಗಾಳಿ ಎರಡಾಯಿತು, 42 ಜನ ಎರಡು ಗುಂಪಾದರು, ಗೋಡೆಯೂ ತೊಂದರೆ ಕೊಡುವ ಬದಲು ಎರಡು ಗುಂಪನ್ನು ಬೇರೆ ಇಡುವ ಉಪಕಾರ ಮಾಡುತ್ತದೆ. ಎರಡರ ಪವರ್ ಕೂಡ ಮಧ್ಯಮಕ್ಕೆ ಇಳಿಸಿ. ಪವರ್ ಜಾಸ್ತಿ ಇಟ್ಟರೆ ಹಿಂದಿನ ಕೋಣೆಯ ಫೋನು ಮುಂದಿನ ರೌಟರನ್ನೇ ಕಚ್ಚಿಕೊಂಡು ಕೂರುತ್ತದೆ, ಪಕ್ಕದಲ್ಲೇ ಹೊಸದು ಇದ್ದರೂ. ರೌಟರಿನ ಕೂಗು ಫೋನಿಗೆ ಕೇಳಿಸುತ್ತದೆ, ಫೋನಿನ ಪಿಸುಮಾತು ರೌಟರಿಗೆ ಕೇಳಿಸುವುದಿಲ್ಲ.

ತಾತನೂ ಕೊನೆಯ ಗದ್ದೆಯವನಿಗೆ ಹೊತ್ತಿನ ಲೆಕ್ಕ ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಊರವರನ್ನು ಎಳೆದುಕೊಂಡು ಹೋಗಿ ಕಾಲುವೆಯ ಹೂಳು ತೆಗೆಸುತ್ತಿದ್ದರು. ನೀರು ಬೇಗ ಹೋದರೆ ಅದೇ ಹೊತ್ತಿನಲ್ಲಿ ಅವನ ಗದ್ದೆಯೂ ತುಂಬುತ್ತದೆ, ಮಿಕ್ಕವರೂ ಬೇಗ ಬಿಡುಗಡೆ ಆಗುತ್ತಾರೆ. ಹಿಂದಿನ ಕೋಣೆಗೆ ವೈರ್ ಎಳೆಯಿರಿ ಅಂತ ನಾನು ಹೇಳುತ್ತಿರುವುದು ಅದೇ ಕೆಲಸ.

ಹೊಸ ವೈಫೈ 6 ರೌಟರ್ ತಂದರೆ ಎಲ್ಲ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಅದರಲ್ಲಿ ರೌಟರೇ ನೀರುಗಂಟಿ ಆಗುತ್ತದೆ. ಯಾವ ಫೋನು ಯಾವಾಗ ಮಾತಾಡಬೇಕು ಅಂತ ಅದೇ ಹೇಳಬಲ್ಲದು, 20ರ ಚಾನೆಲ್ಲನ್ನು 9 ಸಣ್ಣ ಪಟ್ಟೆಗಳ ತನಕ ಸೀಳಿ ಒಂದೇ ಕ್ಷಣದಲ್ಲಿ ಹಲವರಿಗೆ ಹಂಚಬಲ್ಲದು. ಆದರೆ ಈ ಮಾತು ಅರ್ಥ ಆಗಬೇಕಾದರೆ ಫೋನೂ ವೈಫೈ 6ರದ್ದಾಗಿರಬೇಕು. ಹಳೆಯ ಫೋನುಗಳು ತಮ್ಮ ಪಾಡಿಗೆ ಚೀಟಿ ಎತ್ತುತ್ತಲೇ ಇರುತ್ತವೆ. ಅಂದಹಾಗೆ, ನಿಮ್ಮ ಫೈಬರಿನಲ್ಲಿ ಈ ನೀರುಗಂಟಿ ಮೊದಲಿಂದಲೇ ಇದ್ದಾನೆ. ನಮ್ಮ ಊರುಗಳಲ್ಲಿ ಮನೆಮನೆಗೆ ಬರುವ ಫೈಬರ್ ಬಹುಪಾಲು ಒಂದೇ ಎಳೆಯನ್ನು 32 ಅಥವಾ 64 ಮನೆಗೆ ಸೀಳಿ ಕೊಟ್ಟದ್ದು. ಮೇಲಕ್ಕೆ ಕಳಿಸುವಾಗ ಆಪರೇಟರ್ ಆಫೀಸಿನ ಪೆಟ್ಟಿಗೆ ಒಂದೊಂದು ಮನೆಗೂ ಹೊತ್ತು ಗೊತ್ತು ಮಾಡಿ ಕೊಡುತ್ತದೆ. ಅಷ್ಟು ಮನೆ ಹಂಚಿಕೊಂಡರೂ ಅಲ್ಲಿ ಡಿಕ್ಕಿ ಇಲ್ಲ.

ಇವತ್ತು ರಾತ್ರಿ ರಿಪೀಟರ್ ಕಿತ್ತು, 8 ಗಂಟೆಗೆ ರೌಟರ್ ಪೇಜಿನಲ್ಲಿ ಯಾರ ಲಿಂಕ್ ವೇಗ ಎಷ್ಟು ಅಂತ ಪಟ್ಟಿ ನೋಡಿ. ಸಿಗ್ನಲ್ ಮೈನಸ್ 80 ಡಿಬಿಎಂ ಅಥವಾ ಅದಕ್ಕಿಂತ ಕೆಟ್ಟದಾಗಿ (ಮೈನಸ್ 85, 90 ಹೀಗೆ), ವೇಗ 12ರ ಒಳಗೆ ಇರುವವರನ್ನು ಗುರುತು ಹಾಕಿಕೊಳ್ಳಿ. ಆ ಹಿಂದಿನ ಕೋಣೆಯ ಹುಡುಗ ಅದರಲ್ಲಿ ಇದ್ದರೆ ಬೈಯಬೇಡಿ, ವೈರ್ ಬರುವ ತನಕ ಮುಂದಿನ ಹಾಲಿನಲ್ಲಿ ಒಂದು ಸೀಟು ಕೊಡಿ. ಪಾಠದ ವಿಡಿಯೊಗೆ ಒಬ್ಬರಿಗೆ ಒಂದು, ಒಂದೂವರೆ ಎಂಬಿಪಿಎಸ್ ಸಾಕು. 42 ಜನ ಒಟ್ಟಿಗೆ ಹಾಕಿದರೂ 60ರ ಆಸುಪಾಸು. ಮುಂದಿನ ತಿಂಗಳು ಪ್ಲಾನನ್ನು ಮತ್ತೆ 100ಕ್ಕೇ ಇಳಿಸಿ. ಮಿಕ್ಕಿದ ದುಡ್ಡು ಕ್ಯಾಟ್ 6 ವೈರಿಗೆ ಆಗುತ್ತದೆ.